ಮೊದಲು ಹುಲ್ಲು, ಆಮೇಲೆ ಮರ

ಗಣಿ ಮುಗಿದ ಕಡಿದಾದ ಗುಡ್ಡದಲ್ಲಿ ನೇರವಾಗಿ ಸಸಿ ನೆಡುವುದನ್ನು ಕಂಡಾಗೆಲ್ಲ ಸಂಕಟವಾಗುತ್ತದೆ. ಮೇಲ್ಮಣ್ಣೇ ಇಲ್ಲದ ಕಡೆ ಬೇರು ಊರುವುದಾದರೂ ಎಲ್ಲಿ? ಒಂದು ಜೋರು ಮಳೆಗೆ ಸಸಿ, ಗೊಬ್ಬರ ಎಲ್ಲ ಹಳ್ಳದ ಪಾಲು.

ಮೊದಲು ನೀರಿನ ಓಟ ತಗ್ಗಬೇಕು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲಿನ ನೀರಿಗೆ ಬೇರೆ ಕಾಲುವೆ ಮಾಡಿ, ಮಣ್ಣಿಗೆ ತೆಂಗಿನ ನಾರಿನ ಜಾಲರಿ ಹೊದಿಸಬೇಕು. ಅಡ್ಡಸಾಲಾಗಿ ಒತ್ತೊತ್ತಾಗಿ ಲಾವಂಚ. ನನಗೆ ಬಲು ಇಷ್ಟದ ಹುಲ್ಲು ಅದು! ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ, 3 ಮೀಟರ್‌ವರೆಗೂ. ಹರಿದು ಬಂದ ಹೂಳು ಬುಡದಲ್ಲೇ ನಿಂತು, ಸಣ್ಣದೊಂದು ಬದು ತಾನಾಗಿ ಏಳುತ್ತದೆ. ಕೆಲವು ವರ್ಷಗಳಲ್ಲಿ ನಾರು ಕೊಳೆತು ಮಣ್ಣಾಗುವ ಹೊತ್ತಿಗೆ ಬೇರು ಹಿಡಿತ ಸಾಧಿಸಿರುತ್ತದೆ. ಆಮೇಲೆ ಅಲ್ಲಿನದೇ ಪೊದೆ, ಮರ.

ಗಣಿ ತೋಡುವಾಗಲೇ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿಟ್ಟರೆ ಈ ಕೆಲಸ ಎಷ್ಟೋ ಹಗುರ.