ಟೆರಾಫಾರ್ಮ್‌ನಲ್ಲಿ ವಿಎಂಗೆ ಜಾಗ ಗೊತ್ತುಮಾಡುವುದು: ಸಬ್‌ನೆಟ್‌ನಿಂದ ಪ್ಲೇಸ್‌ಮೆಂಟ್ ಗ್ರೂಪ್‌ವರೆಗೆ

ಟೆರಾಫಾರ್ಮ್ ಎಂದರೆ ಕ್ಲೌಡ್‌ನ ಯಂತ್ರ, ನೆಟ್‌ವರ್ಕ್‌ಗಳನ್ನು ಕೋಡ್‌ನಲ್ಲಿ ಬರೆದು ಕಟ್ಟುವ ಸಾಧನ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಒಂದು ಇಸಿ2 ಇನ್‌ಸ್ಟೆನ್ಸ್ (ವರ್ಚುವಲ್ ಯಂತ್ರ, ಅಂದರೆ ವಿಎಂ) ಎಲ್ಲಿ ಏಳಬೇಕು ಎಂದು ತೀರ್ಮಾನಿಸುವುದು ಅದರ ಸಬ್‌ನೆಟ್, ಅಂದರೆ ನೆಟ್‌ವರ್ಕ್‌ನ ಒಂದು ತುಂಡು. ಒಂದು ಸಬ್‌ನೆಟ್ ಒಂದೇ ಅವೈಲೆಬಿಲಿಟಿ ಝೋನ್‌ನೊಳಗೆ (ಒಂದು ರೀಜನ್‌ನೊಳಗಿನ ಪ್ರತ್ಯೇಕ ಡೇಟಾಸೆಂಟರ್ ಗುಂಪು) ಇರುತ್ತದೆ. ಹಾಗಾಗಿ ಸಬ್‌ನೆಟ್ ಐಡಿ ಕೊಟ್ಟ ಮೇಲೆ ಇನ್‌ಸ್ಟೆನ್ಸ್ ಬ್ಲಾಕ್‌ನಲ್ಲಿ ಝೋನನ್ನು ಮತ್ತೆ ಬರೆಯುವ ಅಗತ್ಯವೇ ಇಲ್ಲ. ಎರಡೂ ಬರೆದು, ಒಂದಕ್ಕೊಂದು ಹೊಂದದೇ ಹೋದರೆ ಅಪ್ಲೈ (ಕೋಡನ್ನು ಜಾರಿಗೆ ತರುವ) ಸಮಯದಲ್ಲಿ ಎರರ್ ಗ್ಯಾರಂಟಿ. ಜಾಗದ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳಬೇಕಾದದ್ದು ವಿಪಿಸಿ (ಕ್ಲೌಡ್‌ನೊಳಗಿನ ನಿಮ್ಮದೇ ಖಾಸಗಿ ನೆಟ್‌ವರ್ಕ್) ಬರೆಯುವಾಗಲೇ.

ಮುಂಬೈ ರೀಜನ್ ತೆಗೆದುಕೊಳ್ಳೋಣ. 2016ರಲ್ಲಿ ಎರಡು ಝೋನ್‌ಗಳೊಂದಿಗೆ ಶುರುವಾಯಿತು, ಮೂರನೆಯದು 2019ರಲ್ಲಿ ಸೇರಿತು. ಟ್ಯುಟೋರಿಯಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕೋಡ್ ಹೀಗಿರುತ್ತದೆ: ಡೇಟಾ ಸೋರ್ಸ್‌ನಿಂದ (ಈಗಿರುವ ಮಾಹಿತಿ ಓದುವ ಬ್ಲಾಕ್) ಝೋನ್‌ಗಳ ಪಟ್ಟಿ ತೆಗೆದು, ಕೌಂಟ್ ಹಾಕಿ, ಇಂಡೆಕ್ಸ್ ಪ್ರಕಾರ ಒಂದೊಂದು ಸಬ್‌ನೆಟ್ ಮಾಡುವುದು. ನೋಡಲು ಚೆಂದ, ಆದರೆ ಪಟ್ಟಿಯ ಉದ್ದ ನಿಮ್ಮ ಕೈಯಲ್ಲಿಲ್ಲ. ಅಕೌಂಟ್‌ನಲ್ಲಿ ಯಾರೋ ದೆಹಲಿ ಅಥವಾ ಕೋಲ್ಕತ್ತಾದ ಲೋಕಲ್ ಝೋನ್ (ಬೇರೆ ನಗರದಲ್ಲಿರುವ ರೀಜನ್‌ನ ವಿಸ್ತರಣೆ) ಆನ್ ಮಾಡಿದರೂ ಸಾಕು, ಅದೂ ಅದೇ ಪಟ್ಟಿಗೆ ಬಂದು ಕೂರುತ್ತದೆ. ಇಂಡೆಕ್ಸ್ ಪಕ್ಕಕ್ಕೆ ಜರುಗಿತು ಎಂದರೆ ಮುಂದಿನ ಪ್ಲಾನ್‌ನಲ್ಲಿ (ಏನೇನು ಬದಲಾಗುತ್ತದೆ ಎಂಬ ಮುನ್ನೋಟ) ಸಬ್‌ನೆಟ್‌ಗಳನ್ನು ಅಳಿಸಿ ಮತ್ತೆ ಕಟ್ಟುವ ಮಾತು ಬರುತ್ತದೆ. ಡೇಟಾ ಸೋರ್ಸ್ ಬಿಡಲು ಆಗದಿದ್ದರೆ, ಆಪ್ಟ್-ಇನ್-ಸ್ಟೇಟಸ್ ಫಿಲ್ಟರ್‌ಗೆ ಆಪ್ಟ್-ಇನ್-ನಾಟ್-ರಿಕ್ವೈರ್ಡ್ ಎಂಬ ವ್ಯಾಲ್ಯೂ ಕೊಟ್ಟು ಲೋಕಲ್ ಝೋನ್‌ಗಳನ್ನು ಹೊರಗಿಡಿ.

ಇದಕ್ಕಿಂತ ಒಳ್ಳೆಯದು, ಲೋಕಲ್ಸ್‌ನಲ್ಲಿ ಮ್ಯಾಪ್ ಒಂದನ್ನು ಕೈಯಾರೆ ಬರೆದಿಡುವುದು. ಕೀ ಜಾಗದಲ್ಲಿ ಝೋನ್ ಐಡಿ: ಎಪಿಎಸ್1-ಎಝೆಡ್1, ಎಝೆಡ್2, ಎಝೆಡ್3. ವ್ಯಾಲ್ಯೂ ಜಾಗದಲ್ಲಿ 0, 1, 2 ಎಂಬ ಸಂಖ್ಯೆ. ವಿಪಿಸಿಗೆ 10.20.0.0/16 ಕೊಟ್ಟು, ಸಿಐಡಿಆರ್‌ಸಬ್‌ನೆಟ್ ಫಂಕ್ಷನ್‌ಗೆ 4 ಬಿಟ್ ಮತ್ತು ಆ ಸಂಖ್ಯೆಯನ್ನು ದಾಟಿಸಿದರೆ 10.20.0.0/20, 10.20.16.0/20, 10.20.32.0/20 ಸಿಗುತ್ತವೆ. ಪ್ರತಿಯೊಂದರಲ್ಲೂ 4,096 ವಿಳಾಸ. ಎಡಬ್ಲ್ಯೂಎಸ್ ತನಗೆಂದು ಇಟ್ಟುಕೊಳ್ಳುವ 5 ಕಳೆದರೆ ಬಳಕೆಗೆ 4,091. ಈ ಮ್ಯಾಪ್ ಮೇಲೆ ಫಾರ್-ಈಚ್ (ಪ್ರತಿ ಕೀಗೂ ಒಂದೊಂದು ಸಬ್‌ನೆಟ್) ಓಡಿಸಿ, ಸಬ್‌ನೆಟ್‌ನ ಅವೈಲೆಬಿಲಿಟಿ-ಝೋನ್-ಐಡಿ ಆರ್ಗ್ಯುಮೆಂಟ್‌ಗೆ ಕೀಯನ್ನೇ ಕೊಡಿ.

ಝೋನ್ ಹೆಸರು ಬಿಟ್ಟು ಐಡಿ ಯಾಕೆ? ನಿಮ್ಮ ಅಕೌಂಟ್‌ನ ಎಪಿ-ಸೌತ್-1ಎ ಪಕ್ಕದ ತಂಡದ ಅಕೌಂಟ್‌ನ 1ಎ ಆಗಿರಲೇಬೇಕು ಎಂದೇನಿಲ್ಲ. ಹೆಸರಿನ ಹಿಂದಿರುವ ಝೋನ್ ಅಕೌಂಟ್‌ಗೆ ತಕ್ಕಂತೆ ಬೇರೆಯಾಗಬಹುದು. ಐಡಿ ಮಾತ್ರ ಎಲ್ಲ ಅಕೌಂಟ್‌ಗೂ ಒಂದೇ. ಆಪ್ ಒಂದು ಅಕೌಂಟ್‌ನಲ್ಲಿ, ಕಾಫ್ಕಾ (ಸಂದೇಶ ಸಾಗಿಸುವ ವ್ಯವಸ್ಥೆ) ಇನ್ನೊಂದರಲ್ಲಿ ಇದ್ದು, ಎರಡನ್ನೂ 1ಎಯಲ್ಲೇ ಇಟ್ಟಿದ್ದೇವೆ ಎಂದುಕೊಂಡು ಕೂತರೆ ಬಿಲ್ ಬೇರೆಯೇ ಕಥೆ ಹೇಳುತ್ತದೆ. ಒಂದೇ ಝೋನ್‌ನೊಳಗೆ ಪ್ರೈವೇಟ್ ಐಪಿ ಮೇಲೆ ಹೋಗುವ ಡೇಟಾಗೆ ದುಡ್ಡಿಲ್ಲ. ಝೋನ್ ದಾಟಿದರೆ ಪ್ರತಿ ಜಿಬಿಗೆ ಹೋಗುವಾಗ 1 ಸೆಂಟ್, ಬರುವ ಕಡೆ 1 ಸೆಂಟ್. ತಿಂಗಳಿಗೆ 10,000 ಜಿಬಿ ದಾಟಿತು ಎಂದರೆ 200 ಡಾಲರ್.

ಹಳೆಯ ಕೌಂಟ್ ಕೋಡನ್ನು ಫಾರ್-ಈಚ್‌ಗೆ ಬದಲಿಸಲು ಮೂವ್ಡ್ ಬ್ಲಾಕ್ (ಅದೇ ರಿಸೋರ್ಸ್, ಕೋಡ್‌ನಲ್ಲಿ ಹೆಸರು ಮಾತ್ರ ಬದಲು ಎಂದು ಹೇಳುವುದು) ಇದೆ, ಟೆರಾಫಾರ್ಮ್ 1.1ರಿಂದ ಸಿಗುತ್ತದೆ. ಇಲ್ಲಿ ಎಡವುವುದು ಒಂದೇ ಕಡೆ: ಇಂಡೆಕ್ಸ್ 0 ಎಂದರೆ ಎಝೆಡ್1 ಎಂದು ಊಹಿಸಿಬಿಡುವುದು. ಡಿಸ್ಕ್ರೈಬ್-ಅವೈಲೆಬಿಲಿಟಿ-ಝೋನ್ಸ್ ಕಮಾಂಡ್ ಓಡಿಸಿ, 1ಎ ಹಿಂದೆ ನಿಜಕ್ಕೂ ಯಾವ ಐಡಿ ಇದೆ ನೋಡಿ. ಅದು ಎಝೆಡ್3 ಆಗಿದ್ದರೆ, ಇಂಡೆಕ್ಸ್ 0 ಹೋಗಬೇಕಾದದ್ದು ಎಝೆಡ್3 ಕೀಗೆ, ಮತ್ತು ಮ್ಯಾಪ್‌ನಲ್ಲಿ ಎಝೆಡ್3ರ ವ್ಯಾಲ್ಯೂ 0 ಆಗಬೇಕು, ಇಲ್ಲದಿದ್ದರೆ ಸಿಐಡಿಆರ್ (ವಿಳಾಸಗಳ ವ್ಯಾಪ್ತಿ) ಬದಲಾಗಿ ಸಬ್‌ನೆಟ್ ಹೊಸದಾಗುತ್ತದೆ. ಪ್ಲಾನ್‌ನ ಕೊನೆ ಸಾಲಿನಲ್ಲಿ ಡಿಸ್ಟ್ರಾಯ್ ಸಂಖ್ಯೆ 0 ಇಲ್ಲದಿದ್ದರೆ ಅಪ್ಲೈ ಮುಟ್ಟಲೇಬೇಡಿ.

ಸಬ್‌ನೆಟ್ ಗೊತ್ತಾದ ಮೇಲೆ ಯಂತ್ರಗಳು. ಸ್ಟೇಟ್‌ಲೆಸ್ ಆಪ್ (ಯಂತ್ರದಲ್ಲಿ ಡೇಟಾ ಉಳಿಸಿಕೊಳ್ಳದ್ದು) ಆದರೆ ಒಂದೊಂದೇ ಇನ್‌ಸ್ಟೆನ್ಸ್ ಬರೆಯುವುದೇ ತಪ್ಪು ಎನ್ನುತ್ತೇನೆ. ಆಟೋ ಸ್ಕೇಲಿಂಗ್ ಗ್ರೂಪ್ ಮಾಡಿ, ವಿಪಿಸಿ-ಝೋನ್-ಐಡೆಂಟಿಫೈಯರ್‌ಗೆ ಮೂರೂ ಸಬ್‌ನೆಟ್ ಕೊಡಿ. ಒಂದು ಝೋನ್‌ನಲ್ಲಿ ಜಾಗ ಸಿಗದಿದ್ದರೆ ಅದು ತಾನೇ ಇನ್ನೊಂದರಲ್ಲಿ ಪ್ರಯತ್ನಿಸುತ್ತದೆ.

ಡೇಟಾಬೇಸ್‌ನಂಥವು ಹಾಗಲ್ಲ. ಇಬಿಎಸ್ ವಾಲ್ಯೂಮ್ (ಯಂತ್ರಕ್ಕೆ ಜೋಡಿಸುವ ಡಿಸ್ಕ್) ತನ್ನ ಝೋನ್ ಬಿಟ್ಟು ಕದಲುವುದಿಲ್ಲ. ಇನ್‌ಸ್ಟೆನ್ಸ್‌ನ ಸಬ್‌ನೆಟ್ ಐಡಿ ಬದಲಿಸಿದರೆ ಟೆರಾಫಾರ್ಮ್ ಹಳೆಯದನ್ನು ಕೊಂದು ಹೊಸದನ್ನು ಬೇರೆ ಝೋನ್‌ನಲ್ಲಿ ಎಬ್ಬಿಸುತ್ತದೆ, ಡೇಟಾ ವಾಲ್ಯೂಮ್ ಹಳೇ ಝೋನ್‌ನಲ್ಲೇ ಉಳಿಯುತ್ತದೆ. ಸ್ನ್ಯಾಪ್‌ಶಾಟ್ ತೆಗೆದು, ಅದರಿಂದ ಹೊಸ ಝೋನ್‌ನಲ್ಲಿ ವಾಲ್ಯೂಮ್ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ. ಇಂಥ ರಿಸೋರ್ಸ್‌ಗಳ ಲೈಫ್‌ಸೈಕಲ್‌ನಲ್ಲಿ ಪ್ರಿವೆಂಟ್-ಡಿಸ್ಟ್ರಾಯ್ ಟ್ರೂ ಇರಲಿ.

ಏಳದೇ ಹೋದಾಗ ಬರುವ ಎರರ್ ಸರಿಯಾಗಿ ಓದಿ. ಅನ್‌ಸಪೋರ್ಟೆಡ್ ಎಂದರೆ ಆ ಇನ್‌ಸ್ಟೆನ್ಸ್ ಟೈಪ್ ಆ ಝೋನ್‌ನಲ್ಲಿ ಇಲ್ಲವೇ ಇಲ್ಲ, ಕಾದು ಪ್ರಯೋಜನವಿಲ್ಲ. ಇನ್‌ಸಫಿಶಿಯೆಂಟ್ ಇನ್‌ಸ್ಟೆನ್ಸ್ ಕೆಪಾಸಿಟಿ ಎಂದರೆ ಇದೆ, ಈಗ ಜಾಗವಿಲ್ಲ. ಮೊದಲನೆಯದನ್ನು ಪ್ಲಾನ್ ಹಂತದಲ್ಲೇ ಹಿಡಿಯಬಹುದು: ಇನ್‌ಸ್ಟೆನ್ಸ್ ಟೈಪ್ ಆಫರಿಂಗ್ಸ್ ಡೇಟಾ ಸೋರ್ಸ್‌ನಲ್ಲಿ ಲೊಕೇಶನ್ ಟೈಪ್ ಅವೈಲೆಬಿಲಿಟಿ-ಝೋನ್-ಐಡಿ ಎಂದಿಟ್ಟು, ಬಂದ ಪಟ್ಟಿಯಲ್ಲಿ ನಿಮ್ಮ ಝೋನ್ ಇದೆಯೇ ಎಂದು ಪ್ರೀಕಂಡಿಶನ್ ಬ್ಲಾಕ್‌ನಲ್ಲಿ ಕೇಳಿ. ಇದಕ್ಕೆ ಟೆರಾಫಾರ್ಮ್ 1.2 ಅಥವಾ ಹೊಸದು ಬೇಕು.

ಝೋನ್‌ನೊಳಗೆ ಯಾವ ಹಾರ್ಡ್‌ವೇರ್ ಮೇಲೆ ಎಂಬ ಪ್ರಶ್ನೆಗೆ ಪ್ಲೇಸ್‌ಮೆಂಟ್ ಗ್ರೂಪ್. ಗ್ರೂಪ್ ಮಾಡಲು ದುಡ್ಡಿಲ್ಲ. ಸ್ಪ್ರೆಡ್ ತಂತ್ರ ಪ್ರತಿ ಇನ್‌ಸ್ಟೆನ್ಸನ್ನೂ ಬೇರೆ ಬೇರೆ ರ‍್ಯಾಕ್‌ನಲ್ಲಿ ಇಡುತ್ತದೆ. ಒಂದು ಝೋನ್‌ನಲ್ಲಿ ಗ್ರೂಪ್‌ಗೆ 7 ಇನ್‌ಸ್ಟೆನ್ಸ್ ಮಿತಿ, ಮೂರು ಝೋನ್‌ಗೆ 21. ಏಳೂ ತುಂಬಿದ ಗ್ರೂಪ್‌ನಲ್ಲಿ ಕ್ರಿಯೇಟ್-ಬಿಫೋರ್-ಡಿಸ್ಟ್ರಾಯ್ (ಹೊಸದು ಎದ್ದ ಮೇಲೆ ಹಳೆಯದನ್ನು ಅಳಿಸುವುದು) ಹಾಕಿದ್ದರೆ ಎಎಂಐ (ಯಂತ್ರದ ಡಿಸ್ಕ್ ಇಮೇಜ್) ಬದಲಿಸಿದ ದಿನ ಎಂಟನೆಯದು ಏಳುವುದಿಲ್ಲ. ಹೊಸವು ಏಳಲು ಬೇಕಾದಷ್ಟು ಜಾಗ ಬಿಟ್ಟುಕೊಳ್ಳಿ. ಪಾರ್ಟಿಶನ್ ತಂತ್ರ ಎಚ್‌ಡಿಎಫ್‌ಎಸ್, ಕಸಾಂಡ್ರಾದಂಥ, ಡೇಟಾವನ್ನು ಹಲವು ಯಂತ್ರಗಳಲ್ಲಿ ಹಂಚಿಡುವ ವ್ಯವಸ್ಥೆಗಳಿಗೆ: ಝೋನ್‌ಗೆ ಗರಿಷ್ಠ 7 ಪಾರ್ಟಿಶನ್, ಒಂದರ ರ‍್ಯಾಕ್ ಇನ್ನೊಂದಕ್ಕೆ ಹಂಚಿಕೆಯಾಗದು, ಒಳಗೆ ಎಷ್ಟು ಇನ್‌ಸ್ಟೆನ್ಸ್ ಬೇಕಾದರೂ ಇಡಬಹುದು.

ಕ್ಲಸ್ಟರ್ ತಂತ್ರವೇ ಹೆಚ್ಚು ಕಾಡುವುದು. ಒಂದೇ ಝೋನ್‌ನಲ್ಲಿ ಯಂತ್ರಗಳನ್ನು ಹತ್ತಿರ ಹತ್ತಿರ ಇಟ್ಟು, ಒಂದೊಂದು ನೆಟ್‌ವರ್ಕ್ ಫ್ಲೋಗೆ 5 ಗಿಗಾಬಿಟ್ ಬದಲು 10 ಗಿಗಾಬಿಟ್‌ವರೆಗೆ ಕೊಡುತ್ತದೆ. ಟಿ2ನಂಥ ಬರ್ಸ್ಟಬಲ್ ಟೈಪ್‌ಗಳಿಗೆ ಇಲ್ಲಿ ಪ್ರವೇಶವಿಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ರಿಕ್ವೆಸ್ಟ್‌ನಲ್ಲಿ, ಒಂದೇ ಟೈಪ್‌ನಲ್ಲಿ ಎಬ್ಬಿಸಿ ಎಂದು ಎಡಬ್ಲ್ಯೂಎಸ್ ಹೇಳುತ್ತದೆ. ಟೆರಾಫಾರ್ಮ್‌ನ ಇನ್‌ಸ್ಟೆನ್ಸ್ ರಿಸೋರ್ಸ್‌ಗೆ ಕೌಂಟ್ 8 ಕೊಟ್ಟರೆ ಹೋಗುವುದು ಎಂಟು ಬೇರೆ ರಿಕ್ವೆಸ್ಟ್. ಐದು ಎದ್ದು ಮೂರು ಕೆಪಾಸಿಟಿ ಇಲ್ಲವೆಂದು ಬೀಳುವುದು ಇದರಿಂದಲೇ. ಆಗ ಗ್ರೂಪ್‌ನ ಎಲ್ಲವನ್ನೂ ಸ್ಟಾಪ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲಕ್ಕೂ ಜಾಗವಿರುವ ಹಾರ್ಡ್‌ವೇರ್‌ಗೆ ಹೋಗುವ ಸಾಧ್ಯತೆ ಉಂಟು. ಕೆಲಸ ಮುಖ್ಯವಾದದ್ದಾದರೆ ಕೆಪಾಸಿಟಿ ರಿಸರ್ವೇಶನ್ ರಿಸೋರ್ಸ್‌ಗೆ ಪ್ಲೇಸ್‌ಮೆಂಟ್ ಗ್ರೂಪ್‌ನ ಎಆರ್‌ಎನ್ (ಎಡಬ್ಲ್ಯೂಎಸ್ ಕೊಡುವ ಪೂರ್ಣ ಗುರುತು) ಕೊಟ್ಟು ಮೊದಲೇ ಜಾಗ ಹಿಡಿಯಿರಿ. ಹಿಡಿದ ಕ್ಷಣದಿಂದ, ಯಂತ್ರ ಓಡಲಿ ಬಿಡಲಿ, ಮೀಟರ್ ಓಡುತ್ತದೆ.

ಎದ್ದ ಯಂತ್ರ ನಿಜಕ್ಕೂ ಎಲ್ಲಿದೆ ಎಂದು ಒಳಗಿನಿಂದಲೇ ಕೇಳಬಹುದು. ಯಂತ್ರ ತನ್ನ ಬಗ್ಗೆ ಮಾಹಿತಿ ಕೇಳುವ ವಿಳಾಸ 169.254.169.254ರಿಂದ ಮೊದಲು ಟೋಕನ್ ಪಡೆದು, ಮೆಟಾಡೇಟಾದ ಪ್ಲೇಸ್‌ಮೆಂಟ್ ಅಡಿಯಲ್ಲಿ ಅವೈಲೆಬಿಲಿಟಿ-ಝೋನ್-ಐಡಿ ಓದಿ. ಪಾರ್ಟಿಶನ್ ಗ್ರೂಪ್ ಆದರೆ ಪಾರ್ಟಿಶನ್-ನಂಬರ್ ಕೂಡ ಅಲ್ಲೇ ಇರುತ್ತದೆ. ಬೂಟ್ ಸ್ಕ್ರಿಪ್ಟ್‌ನಲ್ಲಿ ಕಾಫ್ಕಾದ ಬ್ರೋಕರ್-ರ‍್ಯಾಕ್ ತುಂಬಲು ಆ ಝೋನ್ ಐಡಿಯನ್ನೇ ಬಳಸಿ, ಕೋಡ್‌ನಲ್ಲಿ ಮತ್ತೊಮ್ಮೆ ಟೈಪ್ ಮಾಡಬೇಡಿ.