ಎರಡು ನಿಮಿಷದ ಕೆಲಸವನ್ನು ಯಾವಾಗ ಮಾಡಬೇಕು?

ತಿಂಗಳ ಕೊನೆಯ ದಿನ. ಒಂದು ಕಡೆ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ನೊಂದು ಕಡೆ ನಮ್ಮ ಲೆಡ್ಜರ್. ಎರಡಕ್ಕೂ ತಾಳೆ ಆಗುತ್ತಿಲ್ಲ. ವ್ಯತ್ಯಾಸ 1,800. ಸಂಜೆ ನಾಲ್ಕಕ್ಕೆ ಹುಡುಕಲು ಕೂತವನು ಆರೂವರೆ ಆದರೂ ಎದ್ದಿರಲಿಲ್ಲ. ಒಂದೊಂದೇ ಸಾಲಿಗೆ ಟಿಕ್ ಹಾಕಿ ಹಾಕಿ ಕಣ್ಣು ಮಂಜಾಗಿತ್ತು.

ನಮ್ಮ ವಿಭಾಗದ ಹಿರಿಯ ಮೇಡಂ ಮನೆಗೆ ಹೊರಟಿದ್ದರು. ನನ್ನ ಟೇಬಲ್ ಪಕ್ಕ ನಿಂತರು.

"ಎಷ್ಟು ಬರ್ತಿದೆ ವ್ಯತ್ಯಾಸ?"

"ಸಾವಿರದ ಎಂಟುನೂರು ಮೇಡಂ."

"ಒಂಬತ್ತರಿಂದ ಭಾಗಿಸಿ ನೋಡಿದ್ರಾ?"

ಭಾಗಿಸಿದೆ. ಸರಿಯಾಗಿ 200 ಬಂತು. ಒಂದು ಮೊತ್ತದಲ್ಲಿ ಎರಡು ಅಂಕೆ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಬೇರೆ ಕಾರಣಕ್ಕೂ ಹಾಗೆ ಬರಬಹುದು, ಆದರೆ ಮೊದಲು ನೋಡಬೇಕಾದದ್ದು ಇದನ್ನೇ. ಸಾವಿರದ ಮತ್ತು ನೂರರ ಸ್ಥಾನದ ಅಂಕೆಗಳು ಅದಲುಬದಲಾದರೆ, ಆ ಅಂಕೆಗಳ ನಡುವಿನ ಪ್ರತಿ 1ರ ಅಂತರಕ್ಕೆ 900 (1,000ದಲ್ಲಿ 100 ಕಳೆದರೆ) ವ್ಯತ್ಯಾಸ ಬರುತ್ತದೆ. 1,800 ಅಂದರೆ 900ರ ಎರಡು ಪಟ್ಟು. ಹಾಗಾಗಿ ಸಾವಿರದ ಸ್ಥಾನ ಮತ್ತು ನೂರರ ಸ್ಥಾನದಲ್ಲಿ, 2ರ ಅಂತರ ಇರುವ ಅಂಕೆಗಳನ್ನು ಹುಡುಕಿದರೆ ಸಾಕು. ಹತ್ತು ನಿಮಿಷದಲ್ಲಿ ಸಿಕ್ಕಿತು. 56,420 ಇರಬೇಕಾದ ಕಡೆ ನಾನು 54,620 ಹೊಡೆದಿದ್ದೆ.

ಎಂಟ್ರಿ ಹಾಕಿದ ಸಮಯ 11:12 ಅಂತ ತೋರಿಸುತ್ತಿತ್ತು. ಆ ಹೊತ್ತಿಗೆ ಏನು ಮಾಡುತ್ತಿದ್ದೆ ಅಂತ ಮೇಲ್ ತೆಗೆದು ನೋಡಿದೆ. 11:11ಕ್ಕೆ ಒಬ್ಬರಿಗೆ ಹಳೆಯ ಬಿಲ್ಲಿನ ಕಾಪಿ ಕಳಿಸಿದ್ದೆ. ವೋಚರ್ ಕೈಯಲ್ಲಿ ಹಿಡಿದು ಮೊತ್ತ ಓದಿದ್ದೇನೆ, ಅಷ್ಟರಲ್ಲಿ ಮೆಸೇಜ್ ಬಂದಿದೆ, "ಎರಡೇ ನಿಮಿಷದ ಕೆಲಸ ಅಲ್ವಾ" ಅಂತ ಕಳಿಸಿದ್ದೇನೆ, ವಾಪಸ್ ಬಂದು ನೆನಪಿನಲ್ಲಿದ್ದ ಮೊತ್ತವನ್ನು ಹೊಡೆದಿದ್ದೇನೆ. ಎರಡು ನಿಮಿಷದ ಕೆಲಸಕ್ಕೆ ಎರಡೂವರೆ ಗಂಟೆ ಹೋಯಿತು.

ಆಗ ನಾನು ಎರಡು ನಿಮಿಷದ ನಿಯಮವನ್ನು ತುಂಬಾ ನಿಷ್ಠೆಯಿಂದ ಪಾಲಿಸುತ್ತಿದ್ದೆ. ಚಿಕ್ಕ ಕೆಲಸ ಬಂದ ತಕ್ಷಣ ಮುಗಿಸಿಬಿಡುವುದು, ಬಾಕಿ ಇಡಬಾರದು ಅಂತ. ಈ ನಿಯಮ ಹೆಸರಾದದ್ದು ಅಮೆರಿಕದ ಲೇಖಕ ಡೇವಿಡ್ ಅಲೆನ್ 2001ರಲ್ಲಿ ಹೊರತಂದ "ಗೆಟಿಂಗ್ ಥಿಂಗ್ಸ್ ಡನ್" ಪುಸ್ತಕದಿಂದ. ಆದರೆ ಬಾಯಿಂದ ಬಾಯಿಗೆ ಬರುವಾಗ ಅದರ ಅರ್ಧ ಭಾಗ ಬಿಟ್ಟುಹೋಗಿದೆ. ಅವರು ಹೇಳಿದ್ದು ಬಂದ ತಕ್ಷಣ ಮಾಡಿ ಅಂತಲ್ಲ. ಬಂದು ಬಿದ್ದ ಕೆಲಸಗಳನ್ನೆಲ್ಲ ಕೂತು ವಿಂಗಡಿಸುವಾಗ, ಎರಡು ನಿಮಿಷದೊಳಗೆ ಮುಗಿಯುವಂಥದ್ದು ಕೈಗೆ ಸಿಕ್ಕರೆ ಅಲ್ಲೇ ಮುಗಿಸಿ ಅಂತ. ಯಾಕೆಂದರೆ ಅದನ್ನು ಪಟ್ಟಿಗೆ ಬರೆದು, ಮತ್ತೆ ಹುಡುಕಿ, ಮತ್ತೆ ಓದುವುದಕ್ಕೇ ಅಷ್ಟು ಹೊತ್ತು ಬೇಕು.

ಈ ಕಾರಣ ವಿಂಗಡಿಸಲು ಕೂತಾಗ ಮಾತ್ರ ಸರಿ. ಬೇರೆ ಕೆಲಸದ ನಡುವೆ ಇದ್ದರೆ ಲೆಕ್ಕವೇ ಬೇರೆ, ಅಲ್ಲಿ ವಾಪಸ್ ಬರುವ ಖರ್ಚೂ ಸೇರುತ್ತದೆ. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದಕ್ಕೆ ಅಟೆನ್ಶನ್ ರೆಸಿಡ್ಯೂ ಅಂತ ಹೆಸರು ಕೊಟ್ಟರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ. ನನ್ನ 54,620 ಹುಟ್ಟಿದ್ದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ.

ಈಗ ಕೀಬೋರ್ಡ್ ಪಕ್ಕ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡಿದ್ದೇನೆ. ಏನೇ ಬರಲಿ, ಮೂರು ನಾಲ್ಕು ಪದದಲ್ಲಿ ಅದರಲ್ಲಿ ಗೀಚುತ್ತೇನೆ. "ಬಿಲ್ ಕಾಪಿ, ಸ್ಟೋರ್ಸ್‌ಗೆ." ಐದು ಸೆಕೆಂಡ್ ಸಾಕು, ಕಣ್ಣು ವೋಚರ್ ಬಿಟ್ಟು ದೂರ ಹೋಗುವುದಿಲ್ಲ. ಬೆಳಿಗ್ಗೆ ಬಂದ ಕೂಡಲೇ, ಊಟದ ಮುಂಚೆ, ಸಂಜೆ ಹೊರಡುವ ಮುಂಚೆ, ಹೀಗೆ ದಿನಕ್ಕೆ ಮೂರು ಸಲ ಪುಸ್ತಕ ಮತ್ತು ಮೇಲ್ ಎರಡನ್ನೂ ತೆರೆದು ಕೂರುತ್ತೇನೆ. ಚಿಕ್ಕದ್ದು ಅಲ್ಲೇ ಮುಗಿಯುತ್ತದೆ, ದೊಡ್ಡದು ಪಟ್ಟಿಗೆ ಹೋಗುತ್ತದೆ. ಕೆಲವು ಅಷ್ಟರಲ್ಲಿ ತಾವಾಗೇ ಬಗೆಹರಿದಿರುತ್ತವೆ. ಕೇಳಿದವರೇ "ಸಿಕ್ತು, ಬೇಡ ಬಿಡಿ" ಅಂತ ಬರೆದಿರುತ್ತಾರೆ.

ಯಾವುದು ನಿಜವಾಗಿ ಎರಡು ನಿಮಿಷದ ಕೆಲಸ? ಇದರಲ್ಲೇ ನಾನು ಜಾಸ್ತಿ ತಪ್ಪಿದ್ದು. ಒಂದು ವಾರ ಫೋನಿನ ಸ್ಟಾಪ್‌ವಾಚ್ ಹಾಕಿ ನೋಡಿದೆ. ಎರಡು ನಿಮಿಷ ಅಂದುಕೊಂಡಿದ್ದ ಎಷ್ಟೋ ಕೆಲಸ ಆರು, ಏಳು ನಿಮಿಷ ತೆಗೆದುಕೊಳ್ಳುತ್ತಿತ್ತು. ಬಿಲ್ ಕಳಿಸುವುದು ಅರ್ಧ ನಿಮಿಷ, ಅದು ಯಾವ ಫೋಲ್ಡರಿನಲ್ಲಿದೆ ಅಂತ ಹುಡುಕುವುದು ಐದು ನಿಮಿಷ. ಆಮೇಲಿಂದ ಗಡಿಯಾರ ನೋಡುವುದು ಬಿಟ್ಟು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬೇಕಾದ ವಸ್ತು ಎಲ್ಲಿದೆ ಅಂತ ಈಗಲೇ ಗೊತ್ತಾ? ಬೇರೆ ಯಾರನ್ನಾದರೂ ಕೇಳಬೇಕಾ? ಹುಡುಕಬೇಕು ಅಥವಾ ಕೇಳಬೇಕು ಅಂದರೆ ಅದು ಚಿಕ್ಕ ಕೆಲಸ ಅಲ್ಲ, ಪಟ್ಟಿಗೆ ಹೋಗಬೇಕು.

ಸ್ಟಾಪ್‌ವಾಚ್‌ನಿಂದ ಇನ್ನೊಂದು ವಿಷಯವೂ ಗೊತ್ತಾಯಿತು. ಅದು ನನಗೆ ಎಲ್ಲಕ್ಕಿಂತ ಮುಖ್ಯ. ಆ ವಾರ ಬಿಲ್ ಕಾಪಿಯನ್ನೇ ಹನ್ನೊಂದು ಸಲ ಕಳಿಸಿದ್ದೆ. ಒಂದೊಂದಾಗಿ ನೋಡಿದರೆ ಚಿಕ್ಕದು. ಕೂಡಿಸಿದರೆ ಒಂದು ಗಂಟೆಗೆ ಹತ್ತಿರ. ಒಂದು ಮಧ್ಯಾಹ್ನ ಕೂತು ಹಂಚಿಕೊಂಡ ಫೋಲ್ಡರ್ ಮಾಡಿದೆ, ಬಿಲ್ ನಂಬರ್ ಮತ್ತು ತಿಂಗಳು ಕಾಣುವ ಹಾಗೆ ಫೈಲುಗಳಿಗೆ ಹೆಸರಿಟ್ಟು ಎಲ್ಲರಿಗೂ ಲಿಂಕ್ ಕೊಟ್ಟೆ. ಮೊದಲ ವಾರ ಹಳೆ ಅಭ್ಯಾಸದಲ್ಲಿ ನನ್ನನ್ನೇ ಕೇಳಿದರು, ಲಿಂಕನ್ನೇ ಕಳಿಸಿದೆ. ಈಗ ತಿಂಗಳಿಗೆ ಒಂದೋ ಎರಡೋ ಬರುತ್ತದೆ ಅಷ್ಟೆ. ಪದೇ ಪದೇ ಬರುವ ಚಿಕ್ಕ ಕೆಲಸವನ್ನು ಬೇಗ ಮಾಡುವುದನ್ನು ಕಲಿಯುವುದಕ್ಕಿಂತ ಅದು ಬರದ ಹಾಗೆ ಮಾಡುವುದು ಒಳ್ಳೆಯದು. ನನಗೆ ಇದು ಹೊಳೆಯಲು ಮೂರು ವರ್ಷ ಬೇಕಾಯಿತು.

ಜನ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಭಯ ಇತ್ತು. ಹಾಗೇನೂ ಆಗಲಿಲ್ಲ. "ಹನ್ನೆರಡೂವರೆಗೆ ಕಳಿಸ್ತೀನಿ" ಅಂತ ಒಂದು ಮಾತು ಹೇಳಿದರೆ ಸಾಕು, ಸಮಾಧಾನವಾಗಿರುತ್ತಾರೆ. ಹೇಳಿದ ಹೊತ್ತಿಗೆ ಕಳಿಸಬೇಕು, ಅದರಲ್ಲಿ ಮಾತ್ರ ತಪ್ಪಬಾರದು. ಯಾರದಾದರೂ ಕೆಲಸ ನನ್ನ ಒಂದು ಉತ್ತರಕ್ಕಾಗಿ ಪೂರ್ತಿ ನಿಂತಿದ್ದರೆ ಈ ಪದ್ಧತಿಯನ್ನೆಲ್ಲ ಬದಿಗಿಟ್ಟು ಆಗಲೇ ಉತ್ತರ ಕೊಡುತ್ತೇನೆ. ಅವರನ್ನು ಊಟದ ಹೊತ್ತಿನವರೆಗೆ ಕಾಯಿಸುವುದು ನ್ಯಾಯ ಅಲ್ಲ.

ಫೋನ್ ಕರೆಗೆ ಮಾತ್ರ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಕರೆಯನ್ನು ಪುಸ್ತಕದಲ್ಲಿ ಗೀಚಿ ಆಮೇಲೆ ನೋಡೋಣ ಅನ್ನಲಾಗುವುದಿಲ್ಲ. ಸದ್ಯಕ್ಕೆ ರಿಂಗ್ ಆಗುತ್ತಿರುವಾಗಲೇ ಕೈಯಲ್ಲಿರುವ ಮೊತ್ತವನ್ನು ಪೂರ್ತಿ ಹೊಡೆದು, ವೋಚರ್ ಜೊತೆ ಒಮ್ಮೆ ಹೋಲಿಸಿ, ಸೇವ್ ಒತ್ತಿ, ಆಮೇಲೆ ಎತ್ತುತ್ತೇನೆ. ಅಷ್ಟರಲ್ಲಿ ಕಟ್ ಆದರೆ ನಾನೇ ವಾಪಸ್ ಮಾಡುತ್ತೇನೆ.