ಪಾಳು ಬಿದ್ದ ಸರ್ಕಾರಿ ಜಮೀನನ್ನು ಮಾರಿದರೆ ತಪ್ಪೇನು?

ಸಾರ್ವಜನಿಕ ಜಮೀನಿನ ಮಾರಾಟವನ್ನು ನಾನು ವಿರೋಧಿಸುತ್ತೇನೆಂದು ಬಲ್ಲವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತರೂ ಸರಿ, ರೈಲಿನಲ್ಲಿ ಎದುರಾದರೂ ಸರಿ, ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. "ಊರಾಚೆ ಸರ್ಕಾರದ ಜಮೀನು ಮುಳ್ಳುಕಂಟಿ ಬೆಳೆದು ಪಾಳು ಬಿದ್ದಿದೆಯಲ್ಲ, ಅದನ್ನು ಮಾರಿ ಬಂದ ಹಣದಲ್ಲಿ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಿದರೆ ನಿಮಗೇನು ಕಷ್ಟ?" ಕೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಎಲೆಯ ಮುಂದೆ ಕುಳಿತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 'ಪಾಳು' ಎಂಬ ಮಾತನ್ನೇ ನೋಡೋಣ. ನಮ್ಮ ಕಂದಾಯ ದಾಖಲೆಗಳಲ್ಲಿ ಇಂತಹ ನೆಲದ ಒಂದು ಭಾಗಕ್ಕೆ 'ಖರಾಬು' ಎಂಬ ಹೆಸರಿದೆ. ಕೆಟ್ಟದ್ದು ಎಂಬುದು ಆ ಪದದ ಅರ್ಥ. ಆದರೆ ಆ ಹೆಸರನ್ನಿಟ್ಟವರು ಕಂದಾಯ ವಸೂಲಿಯ ಕಣ್ಣಿನಿಂದ ನೆಲವನ್ನು ಅಳೆದವರು, ಹಾಗಾಗಿ ತೆರಿಗೆ ಹುಟ್ಟದ ನೆಲವೆಲ್ಲ ಅವರ ಲೆಕ್ಕಕ್ಕೆ ಕೆಟ್ಟದ್ದಾಗಿ ಕಂಡಿತು. ಸಾಗುವಳಿಗೆ ಬಾರದ ಕಲ್ಲುನೆಲ 'ಅ' ಖರಾಬಾದರೆ, ಹಳ್ಳ, ದಾರಿ, ಸ್ಮಶಾನಗಳಂತಹ ಎಲ್ಲರ ಬಳಕೆಗೆ ಬಿಟ್ಟ ನೆಲ 'ಬ' ಖರಾಬಾಯಿತು. ಊರಿನ ದನ ಮೇಯಲು ಬಿಟ್ಟದ್ದು ಗೋಮಾಳ, ನೆರಳಿಗೂ ಹಣ್ಣಿಗೂ ಮರ ಬೆಳೆಸಿದ್ದು ಗುಂಡುತೋಪು. ಮಲೆನಾಡಿನಲ್ಲಿ ಅಡಕೆ ತೋಟಕ್ಕೆ ಸೊಪ್ಪು ತರುವ ಬೆಟ್ಟವನ್ನು ಸೊಪ್ಪಿನಬೆಟ್ಟವೆನ್ನುತ್ತಾರೆ, ದಕ್ಷಿಣ ಕನ್ನಡದಲ್ಲಿ ಗದ್ದೆ ತೋಟಗಳಿಗೆ ಅಂಟಿಕೊಂಡ ಸರ್ಕಾರಿ ಜಾಗವನ್ನು ಕುಮ್ಕಿ ಎನ್ನುತ್ತಾರೆ. ಒಂದೊಂದು ಬಳಕೆಗೂ ಒಂದೊಂದು ಹೆಸರನ್ನು ಇಟ್ಟುಕೊಂಡಿರುವ ನಾಡಿನಲ್ಲಿ ಈ ನೆಲಕ್ಕೆ ಕೆಲಸವಿಲ್ಲವೆಂದು ಹೇಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ತೊಂದರೆಯಿರುವುದು ಬಳಸುವವರ ಕೈಯಲ್ಲಿ ಕಾಗದವಿಲ್ಲದಿರುವುದರಲ್ಲಿ. ಬಯಲುಸೀಮೆಯ ಕುರಿಗಾಹಿಯ ಹೆಸರು ಗೋಮಾಳದ ಪಹಣಿಯ ಯಾವ ಕಲಮಿನಲ್ಲೂ ಬರುವುದಿಲ್ಲ. ಅವನ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಗೊಬ್ಬರ ಪಡೆಯುವ ರೈತನ ಹೆಸರಾಗಲಿ, ಆ ಉಣ್ಣೆಯಿಂದ ಕಂಬಳಿ ನೇಯುವವರ ಹೆಸರಾಗಲಿ, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸಿನ ಹೆಸರಾಗಲಿ ಅಲ್ಲಿರುವುದಿಲ್ಲ. ಮಾರಾಟದ ಕಡತ ವಿಧಾನಸೌಧದ ಮೇಜಿಗೆ ಬರುವ ಹೊತ್ತಿಗೆ ಇವರೆಲ್ಲ ಮಾಯವಾಗಿ, 'ಸರ್ವೆ ನಂಬರ್ ಇಷ್ಟು, ವಿಸ್ತೀರ್ಣ ಇಷ್ಟು, ಖಾಲಿ' ಎಂಬ ಒಂದು ಸಾಲು ಮಾತ್ರ ಉಳಿದಿರುತ್ತದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಆದದ್ದು ಇದೇ. ಅಲ್ಲಿನ ಅಮೃತ ಮಹಲ್ ಕಾವಲುಗಳು, ಅಂದರೆ ಅರಸರ ದನ ಮೇಯಲು ಕಾದಿರಿಸಿದ ಹುಲ್ಲುಗಾವಲುಗಳು, ಮೈಸೂರು ಅರಸರ ಕಾಲದವು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಸಾಕಣೆಯ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ ಮೇಲೆ ಆ ದನದ ತಳಿಗೂ ಕಾವಲಿಗೂ ಅದೇ ಹೆಸರು ನಿಂತಿತು. 2008ರ ನಂತರದ ಕೆಲವೇ ವರ್ಷಗಳಲ್ಲಿ ಅಲ್ಲಿನ ಸುಮಾರು 10,000 ಎಕರೆ ಹುಲ್ಲುಗಾವಲನ್ನು ಹೆಚ್ಚಾಗಿ ರಕ್ಷಣಾ, ಅಣು ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಸಿಕ್ಕಿತು. ಸೌರ ವಿದ್ಯುತ್ತಿನ ಒಂದು ಖಾಸಗಿ ಕಂಪನಿಗೂ ಪಾಲು ಸಿಕ್ಕಿತಾದರೂ, ಇದರ ಬಹುಪಾಲು ಖಾಸಗಿಯವರಿಗೆ ಹೋದದ್ದಲ್ಲ, ಪಡೆದವರಲ್ಲಿ ಹೆಚ್ಚಿನವರು ದೇಶದ ದೊಡ್ಡ ಸಂಸ್ಥೆಗಳೇ ಎಂಬುದನ್ನು ಒಪ್ಪುತ್ತೇನೆ. ಆದರೂ ಕುರಿ ದನ ಮೇಯಿಸುತ್ತಿದ್ದ ಊರಿನವರಲ್ಲಿ ಅನೇಕರಿಗೆ ವಿಷಯ ತಿಳಿದದ್ದು ಕಾವಲಿನ ಸುತ್ತ ಕಿಲೋಮೀಟರುಗಟ್ಟಲೆ ಗೋಡೆ ಏಳತೊಡಗಿದಾಗ. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಒಳ್ಳೆಯ ಉದ್ದೇಶದ ಹಸ್ತಾಂತರದಲ್ಲೇ ಊರನ್ನು ಕೇಳುವ ಪದ್ಧತಿ ಇಷ್ಟು ಸಡಿಲವಾಗಿರುವಾಗ, ಹಣಕ್ಕಾಗಿ ಮಾರುವಾಗ ಬಿಗಿಯಾಗಿರುತ್ತದೆಂದು ನಂಬುವುದು ನನಗೆ ಕಷ್ಟ.

ಊರು ಎದ್ದು ನಿಂತದ್ದೂ ಉಂಟು. 1980ರ ದಶಕದಲ್ಲಿ ಸರ್ಕಾರ ಮತ್ತು ಖಾಸಗಿ ಕಂಪನಿಯೊಂದು ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯನ್ನು ಗುತ್ತಿಗೆ ಕೊಡಲು ಒಪ್ಪಂದವಾಗಿತ್ತು. ಆಗಲೂ ಆ ನೆಲ ಬಂಜರೆಂದೇ ಹೇಳಲಾಗಿತ್ತು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ ಜನರು ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಮೇವು ಉರುವಲು ಕೊಡುವ ಗಿಡಗಳನ್ನು ಹಚ್ಚಿದರು. ಅದು 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹವೆಂದೇ ಹೆಸರಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮುಂದೆ ನಿಂತಿತ್ತು, ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು, 1991ರಲ್ಲಿ ಕಂಪನಿಯೇ ಮುಚ್ಚಿತು. ಅಂದು ಆ ನೆಲ ಗುತ್ತಿಗೆಯ ಬದಲು ಕ್ರಯವಾಗಿ ಹೋಗಿದ್ದರೆ, ಅದು ಮರಳಿ ಊರಿನ ಕೈಗೆ ಬರುವ ದಾರಿ ಯಾವುದಿತ್ತೆಂದು ನನಗೆ ಕಾಣುವುದಿಲ್ಲ. ಗುತ್ತಿಗೆಗೆ ಒಂದು ಅವಧಿಯಾದರೂ ಇರುತ್ತದೆ, ಕ್ರಯಪತ್ರಕ್ಕೆ ಅದಿಲ್ಲ.

ಇನ್ನು ಹಣದ ಮಾತು. ಕೇಳುವವರು ಶಾಲೆ ಆಸ್ಪತ್ರೆಗಳ ಹೆಸರೆತ್ತುವುದರಿಂದ ಇದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಸಂಡೂರು ತಾಲ್ಲೂಕಿನಲ್ಲಿ ಜಿಂದಾಲ್ ಉಕ್ಕು ಕಂಪನಿಗೆ ಕೊಟ್ಟಿದ್ದ 3,667 ಎಕರೆಯ ಕಥೆ ನೆನಪಿರಬಹುದು. 2006–07ರ ಗುತ್ತಿಗೆ ಹಾಗೂ ಮಾರಾಟ ಒಪ್ಪಂದದಂತೆ ಆ ಜಮೀನನ್ನು ಕ್ರಯ ಮಾಡಿಕೊಡುವ ಪ್ರಸ್ತಾವ 2019ರಲ್ಲಿ ಒಂದು ಸರ್ಕಾರದಲ್ಲಿ ಗದ್ದಲವೆಬ್ಬಿಸಿತು, 2021ರಲ್ಲಿ ಇನ್ನೊಂದು ಸರ್ಕಾರ ಒಪ್ಪಿ ಹಿಂದೆ ಸರಿಯಿತು, 2024ರ ಆಗಸ್ಟ್‌ನಲ್ಲಿ ಮತ್ತೊಂದು ಸಂಪುಟ ಒಪ್ಪಿಗೆ ಕೊಟ್ಟಿತು. ವಿರೋಧ ಪಕ್ಷದಲ್ಲಿರುವಾಗ ತಪ್ಪಾಗಿ ಕಂಡದ್ದು ಅಧಿಕಾರಕ್ಕೆ ಬಂದ ಮೇಲೆ ಸರಿಯಾಗಿ ಕಾಣುವ ಈ ಕಾಯಿಲೆಗೆ ಪಕ್ಷಭೇದವಿಲ್ಲ. ದರ ಎಕರೆಗೆ ಸುಮಾರು 1.2 ಲಕ್ಷದಿಂದ 1.5 ಲಕ್ಷ ರೂಪಾಯಿ. ಒಪ್ಪಂದಕ್ಕೆ ಸರ್ಕಾರ ಬದ್ಧವಾಗಿರಬೇಕಲ್ಲವೇ ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದಲೇ ನನ್ನ ತಕರಾರು 2024ರ ತೀರ್ಮಾನಕ್ಕಿಂತ ಹೆಚ್ಚಾಗಿ, ಹದಿನೇಳು ಹದಿನೆಂಟು ವರ್ಷಗಳ ಅನಂತರದ ಕ್ರಯಕ್ಕೂ ಅಂದಿನ ದರವೇ ಆಧಾರವಾಗುವಂತೆ ಬರೆದ ಒಪ್ಪಂದದ ಮೇಲಿದೆ. ಗುತ್ತಿಗೆಯ ಕಾಗದದಲ್ಲೇ ಮಾರಾಟದ ಮಾತನ್ನು ಸೇರಿಸಿದರೆ, ಅದು ಬರಿಯ ಗುತ್ತಿಗೆಯಾಗಿ ಉಳಿಯುವುದಿಲ್ಲ.

ಇದಕ್ಕೆ ಎದುರಾಗಿ, ಅದೇ ಸರ್ಕಾರಕ್ಕೆ ನಾಳೆ ಹಳ್ಳಿಯೊಂದರಲ್ಲಿ ಆಸ್ಪತ್ರೆಗೆ ಜಾಗ ಬೇಕಾದರೆ ಏನು ಮಾಡಬೇಕು? 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಪರಿಹಾರ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಹೋಗಬಹುದು. ಅಗ್ಗಕ್ಕೆ ಮಾರಿ ದುಬಾರಿಗೆ ಕೊಳ್ಳುವ ಈ ವ್ಯಾಪಾರವನ್ನು ಸಂತೆಯಲ್ಲಿ ಯಾರೂ ಮಾಡುವುದಿಲ್ಲ.

ನ್ಯಾಯಾಲಯ ಏನು ಹೇಳಿದೆಯೆಂಬುದನ್ನೂ ಹೇಳಿಬಿಡುತ್ತೇನೆ. ಪಂಜಾಬಿನ ಪಟಿಯಾಲ ಜಿಲ್ಲೆಯ ಹಳ್ಳಿಯೊಂದರ ಕೆರೆಯನ್ನು ಕೆಲವರು ತುಂಬಿಸಿ ಮನೆ ಕಟ್ಟಿಕೊಂಡಿದ್ದರು. ಬೆಲೆ ವಸೂಲಿ ಮಾಡಿ ಸಕ್ರಮಗೊಳಿಸಿದರೆ ಸಾಕೆಂಬ ಅಧಿಕಾರಿಗಳ ನಿಲುವನ್ನು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ತಳ್ಳಿಹಾಕಿ, ಊರಿನ ಸಮುದಾಯ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವ ಯೋಜನೆ ರೂಪಿಸಲು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಹಣ ಕಟ್ಟಿದ ಮಾತ್ರಕ್ಕೆ ಎಲ್ಲರ ನೆಲ ಒಬ್ಬರದಾಗಬಾರದೆಂಬುದೇ ಆ ತೀರ್ಪಿನಿಂದ ನಾನು ತಿಳಿದುಕೊಂಡದ್ದು.

ಹಾಗಾದರೆ ಬಗರ್‌ಹುಕುಂ ಸಾಗುವಳಿದಾರರನ್ನೂ, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ನೆಲವನ್ನು ಉಳುತ್ತಿರುವವರನ್ನೂ, ವಿರೋಧಿಸುತ್ತೀರಾ ಎಂದು ಕೆಲವರು ಕೆಣಕುತ್ತಾರೆ. ಇಲ್ಲ. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಯುವ ಭೂಹೀನನಿಗೆ ಎರಡು ಎಕರೆ ಮಂಜೂರು ಮಾಡುವುದು ನೆಲದ ಹಂಚಿಕೆ. ಆ ಹೆಸರಿನಲ್ಲಿ ಉಳ್ಳವರೂ ಅರ್ಜಿ ಹಾಕಿದ್ದಾರೆಂಬುದು ನಿಜ, ಅದನ್ನು ಪರಿಶೀಲನೆಯಿಂದ ತಡೆಯಬೇಕು. ಇದನ್ನು ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ನೂರಾರು ಎಕರೆ ಕೊಡುವುದರ ಜೊತೆಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕೊನೆಯದಾಗಿ ಗೋಮಾಳದ ಲೆಕ್ಕ. ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆನ್ನುತ್ತದೆ. ಅದಕ್ಕೂ ಮಿಕ್ಕಿದ್ದನ್ನು 'ಹೆಚ್ಚುವರಿ' ಎಂದು ತೋರಿಸಿ ಬೇರೆಯದಕ್ಕೆ ಕೊಡಲಾಗುತ್ತದೆ. ಮೊದಲು ಒಂದಿಷ್ಟು ಹೋಗುತ್ತದೆ. ಮೇವು ಸಾಲದೆ ಊರಿನವರು ದನ ಮಾರುತ್ತಾರೆ. ಮುಂದಿನ ಜಾನುವಾರು ಗಣತಿಯಲ್ಲಿ ಸಂಖ್ಯೆ ಇಳಿದಿರುತ್ತದೆ, ಇಳಿದ ಸಂಖ್ಯೆಗೆ ಅಷ್ಟು ಗೋಮಾಳ ಬೇಕಿಲ್ಲವೆಂದು ಉಳಿದದ್ದರಲ್ಲೂ ಒಂದು ಪಾಲು ಮತ್ತೆ ಹೆಚ್ಚುವರಿಯಾಗುತ್ತದೆ. ಪಕ್ಕದಲ್ಲಿ ಕುಳಿತವರು ಪಾಳು ನೆಲದ ಮಾತೆತ್ತಿದಾಗ, ನಿಮ್ಮ ಊರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಎಷ್ಟು ಮನೆಯ ಕೊಟ್ಟಿಗೆಯಲ್ಲಿ ದನವಿತ್ತು ಎಂದು ನಾನು ಕೇಳುವುದು ಅದಕ್ಕೇ.